ಸಾಲಿಗ್ರಾಮಕ್ಕಿಂತ ಹಿಂದಿನ ಕಡಲು



ಕಲಬುರಗಿಯ ಈ ಉಪನ್ಯಾಸಕ್ಕೆ ಕರೆಯಲು ಬಂದವರು ಹೋಗುವಾಗ ಬಾಗಿಲಲ್ಲಿ ನಿಂತು, ‘ಸರ್, ವಿಷಯ ಸ್ವಲ್ಪ ನಮ್ಮ ಕಡೆಯದಿರಲಿ’ ಎಂದಿದ್ದರು. ಆಗಲಿ ಎಂದು ತಲೆಯಾಡಿಸಿದ ನಾನು ಆರಿಸಿಕೊಂಡದ್ದು 25 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ನಡೆದ ಸಾವನ್ನು. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಮೇಷ್ಟ್ರಿಗೆ ವಯಸ್ಸಾಯಿತು ಎಂದು ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಒಮ್ಮೆ ಕೆಳಗೆ ನೋಡಿ. ಕುರ್ಚಿಯ ಕಾಲು ಊರಿರುವುದು ಶಹಾಬಾದ್ ಫರಸಿಯ ಮೇಲೆ. ಬೇಸಿಗೆಯ ಮಧ್ಯಾಹ್ನ ನಾವೆಲ್ಲ ನೀರು ಚಿಮುಕಿಸಿ, ಚಾಪೆಯನ್ನೂ ಹಾಸದೆ ಬೆನ್ನು ಚಾಚುವ ಈ ಬೂದು ಕಲ್ಲು ಹಿಂದೆ ಸಮುದ್ರದ ತಳದ ಕೆಸರಾಗಿತ್ತು. ಆಳವಿಲ್ಲದ ನೀರಿನಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ಕೂತದ್ದರಿಂದಲೇ ಗಣಿಯ ಕೂಲಿಯವರು ಉಳಿ ಇಟ್ಟು ತಟ್ಟಿದರೆ ಅದು ಹೋಳಿಗೆ ಬಿಡಿಸಿದಂತೆ ಏಳುತ್ತದೆ.

ಒಂದು ವಿಚಿತ್ರ ಹೇಳುತ್ತೇನೆ. ಎಷ್ಟು ಫರಸಿ ಒಡೆದರೂ ಅದರೊಳಗೆ ಒಂದು ಶಂಖ, ಒಂದು ಕಪ್ಪೆಚಿಪ್ಪು ಸಿಗುವುದಿಲ್ಲ. ಈ ಕಲ್ಲಿನ ವಯಸ್ಸಿನ ಬಗ್ಗೆ ಭೂವಿಜ್ಞಾನಿಗಳಲ್ಲಿ ಚರ್ಚೆಯಿದೆ. ಆದರೆ ಚಿಪ್ಪು ಹೊತ್ತ ಪ್ರಾಣಿಗಳು ಕಡಲಲ್ಲಿ ತುಂಬಿಕೊಳ್ಳುವ ಮೊದಲೇ, ಅಂದರೆ 54 ಕೋಟಿ ವರ್ಷಗಳಿಗೂ ಹಿಂದೆ, ಅದು ಕಲ್ಲಾಗಿತ್ತು ಎಂಬುದರಲ್ಲಿ ತಕರಾರಿಲ್ಲ. ಈಗ ಕಿಟಕಿಯ ಆಚೆ ನೋಡಿ. ಅದು ಎರಿಹೊಲ. ಆ ಕರಿಮಣ್ಣಿನ ತಾಯಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ ಲಾವಾ. ಕಾಗಿಣಾ ನದಿಯ ಕಡೆಗೆ ಹೋದರೆ ಈ ಕರಿಕಲ್ಲು ಆ ಸುಣ್ಣದ ಕಲ್ಲಿನ ಮೇಲೆಯೇ ಕೂತಿರುವುದನ್ನು ನೋಡಬಹುದು. ಎರಡರ ನಡುವೆ ನಲವತ್ತೇಳು ಕೋಟಿ ವರ್ಷಗಳಿಗೂ ಮಿಕ್ಕ ಲೆಕ್ಕ ನಾಪತ್ತೆ. ಶಾನುಭೋಗರ ಖಿರ್ದಿಯಿಂದ ಯಾರೋ ಹಾಳೆಗಳನ್ನು ಕಿತ್ತೊಯ್ದಂತೆ.

ಕಿತ್ತುಹೋದ ಆ ಹಾಳೆಗಳಲ್ಲಿ ಏನಿತ್ತು ಎಂಬುದೇ ಇವತ್ತಿನ ವಿಷಯ. ಡೇವಿಡ್ ರೌಪ್ ಮತ್ತು ಜಾಕ್ ಸೆಪ್ಕೋಸ್ಕಿ ಎಂಬ ಇಬ್ಬರು 1982ರಲ್ಲಿ ಸಮುದ್ರಜೀವಿಗಳ ಪಳೆಯುಳಿಕೆಗಳ ಲೆಕ್ಕ ಹಾಕಿ, ಭೂಮಿಯ ಚರಿತ್ರೆಯಲ್ಲಿ ಐದು ಸಲ ದೊಡ್ಡ ಅಳಿವು ನಡೆದಿದೆ ಎಂದು ತೋರಿಸಿದರು. ಅವುಗಳಲ್ಲಿ ನಾಲ್ಕು ನಮ್ಮ ಕಾಲಡಿಯ ಫರಸಿಗೂ ಹೊರಗಿನ ಎರಿಮಣ್ಣಿಗೂ ನಡುವಿನ ಕಾಲದವು. ಐದನೆಯದು ಎರಿಮಣ್ಣಿನ ಲಾವಾ ಹರಿಯುತ್ತಿದ್ದಾಗಲೇ ಆದದ್ದು. ಹೀಗಾಗಿ ವಿಷಯ ನಮ್ಮ ಕಡೆಯದಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಸಾಕ್ಷಿ ಕೇಳಲು ಮಾತ್ರ ನಾವು ಬೇರೆ ಊರಿಗೆ ಹೋಗಬೇಕು.

ಆ ಊರಿಗೆ ಹೊರಡುವ ಮುನ್ನ ನನ್ನ ಸೋದರತ್ತೆಯ ದೇವರಮನೆಗೆ ಒಮ್ಮೆ ಬನ್ನಿ. ಅಲ್ಲೊಂದು ಸಂಪುಟ, ಅದರೊಳಗೆ ಅಡಿಕೆಗಿಂತ ತುಸು ದೊಡ್ಡದಾದ ಕಪ್ಪು ಸಾಲಿಗ್ರಾಮ. ಒಂದು ಬದಿ ಬಾಯಿಬಿಟ್ಟಿದ್ದು ಒಳಗೆ ಚಕ್ರ ಕಾಣುತ್ತದೆ. ಗಂಡಕಿ ನದಿಯಲ್ಲಿ ವಜ್ರಕೀಟವೆಂಬ ಹುಳು ಕೊರೆದು ಮಾಡಿದ ಚಕ್ರವದು ಎಂದು ನಂಬಿಕೆ. ಭೂವಿಜ್ಞಾನ ಓದಿ ಊರಿಗೆ ಬಂದ ಹೊಸತರಲ್ಲಿ, ಇಪ್ಪತ್ತೆರಡರ ಹುರುಪಿನಲ್ಲಿ, ಅತ್ತೆಗೆ ಪಾಠ ಹೇಳಲು ಕೂತೆ. ಇದು ಅಮೋನೈಟ್ ಎಂಬ ಪ್ರಾಣಿಯ ಮನೆ, ಕಟಲ್ ಮೀನಿನ ದಾಯಾದಿ, ಹದಿನೈದು ಕೋಟಿ ವರ್ಷಗಳ ಹಿಂದೆ ಹಿಮಾಲಯದ ಜಾಗದಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಈಜುತ್ತಿತ್ತು, ಆ ಚಕ್ರ ಅದರ ಮನೆಯ ಸುರುಳಿ. ಅತ್ತೆ ಅಭಿಷೇಕದ ಬಟ್ಟಲನ್ನು ತೊಳೆಯುತ್ತಲೇ ಕೇಳಿಸಿಕೊಂಡರು. ಕಡೆಗೆ, ‘ಅಂವ ಯಾವ ನೀರಾಗ ಇದ್ದರೂ ಇರಲಿ ತಮ್ಮಾ, ನಾ ಅಂತೂ ದಿನಾ ನೀರು ಬದಲಸ್ತೀನಿ ನೋಡು’ ಎಂದರು. ನನ್ನ ಪಾಠ ಅಲ್ಲಿಗೆ ಮುಗಿಯಿತು. ಅವರ ಮಾತಿನಲ್ಲಿದ್ದ ಭೂವಿಜ್ಞಾನ ನನಗೆ ಹೊಳೆಯಲು ಮೂವತ್ತು ವರ್ಷ ಹಿಡಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಅತ್ತೆಯ ಸಾಲಿಗ್ರಾಮ ಜುರಾಸಿಕ್ ಕಾಲದ್ದು. ಅದರ ವಂಶ ಎರಡು ಸಲ ನಿರ್ವಂಶವಾಗುವ ಅಂಚಿಗೆ ಬಂದು, ಬೆರಳೆಣಿಕೆಯ ಕವಲುಗಳಿಂದ ಮತ್ತೆ ಚಿಗುರಿದ್ದು. ಮೊದಲನೆಯ ಸಲ ಸುಮಾರು 25 ಕೋಟಿ ವರ್ಷಗಳ ಹಿಂದೆ ಪರ್ಮಿಯನ್ ಕಾಲದ ಕೊನೆಯಲ್ಲಿ, ಎರಡನೆಯ ಸಲ ಸುಮಾರು 20 ಕೋಟಿ ವರ್ಷಗಳ ಹಿಂದೆ ಟ್ರಯಾಸಿಕ್ ಕಾಲದ ಕೊನೆಯಲ್ಲಿ. ನಾನು ಹೇಳಹೊರಟದ್ದು ಮೊದಲನೆಯದನ್ನು. ಐದರಲ್ಲಿ ಅತಿ ದೊಡ್ಡದು ಅದೇ.

ಹಿಮಾಚಲದ ಸ್ಪಿತಿಯಲ್ಲಿ ಪಿನ್ ಕಣಿವೆಗೆ ತಿರುಗುವ ಕಡೆ ಅತ್ತರ್ಗು ಎಂಬ ಜಾಗವಿದೆ. ಗಿಡಮರ ಏನೂ ಇಲ್ಲದ ಬೋಳು ಬೆಟ್ಟ, ಬೆಟ್ಟದ ಮೈಯಲ್ಲಿ ಕಲ್ಲಿನ ಪದರಗಳು ಬಟ್ಟೆಯಂಗಡಿಯ ಥಾನುಗಳಂತೆ ಒಂದರ ಮೇಲೊಂದು. ಕೆಳಗಿರುವುದು ಕಪ್ಪು ಜೇಡಿಪದರ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅದು ಪರ್ಮಿಯನ್. ಮೇಲಿರುವುದು ಗಟ್ಟಿ ಸುಣ್ಣದ ಕಲ್ಲು, ಅದು ಟ್ರಯಾಸಿಕ್. ನಡುವೆ ತುಕ್ಕು ಬಣ್ಣದ ಪಟ್ಟಿ, ನಾನು ಕೈಯಿಟ್ಟ ಕಡೆ ಮೂರು ಬೆರಳಗಲ. ಜೀವಚರಿತ್ರೆಯ ಒಂದು ಮಹಾಯುಗ ಮುಗಿದು ಇನ್ನೊಂದು ಶುರುವಾದದ್ದು ಆ ಮೂರು ಬೆರಳಿನಲ್ಲಿ. ಅಲ್ಲಿಯೂ ಸ್ವಲ್ಪ ಕಾಲದ ಪದರ ಕೂತಿಲ್ಲ, ಹಾಳೆಯ ಒಂದು ತುದಿ ಹರಿದಿದೆ. ಆದರೂ ಪಟ್ಟಿಯ ಮೇಲಿನ ಸುಣ್ಣದ ಕಲ್ಲಿನಲ್ಲಿ ಓಟೋಸೆರಾಸ್ ಎಂಬ ಅಮೋನಾಯ್ಡ್, ಅಂದರೆ ಅಮೋನೈಟಿನ ಬಳಗದ ಜೀವಿ, ಸಿಗುತ್ತದೆ. ಸುರುಳಿಯ ನಡುವೆ ಎರಡು ಕಿವಿ ನಿಮಿರಿದಂತಿರುವ ಪ್ರಾಣಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಕಾರ್ಲ್ ಗ್ರೀಸ್‌ಬಾಕ್ ಅದನ್ನು ಮಧ್ಯ ಹಿಮಾಲಯದಲ್ಲಿ ಕಂಡು 1880ರಲ್ಲಿ ಹೆಸರಿಟ್ಟ. ಇನ್ನೊಂದು ಸಂಗತಿ ನಮ್ಮ ಪಠ್ಯಪುಸ್ತಕಗಳು ಯಾಕೋ ಹೇಳುವುದೇ ಇಲ್ಲ. ಆ ಮಹಾಸಾವಿನ ಮರುದಿನ ಶುರುವಾಗುವ ಅಧ್ಯಾಯಕ್ಕೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಹೆಸರು ‘ಇಂಡುವನ್’. ಸಿಂಧೂ ನದಿಯ ಹೆಸರದು.

ಆದರೆ ಪರ್ಮಿಯನ್ ಮತ್ತು ಟ್ರಯಾಸಿಕ್ ನಡುವಿನ ಅಧಿಕೃತ ಗಡಿಕಲ್ಲು ನೆಟ್ಟಿರುವುದು ಚೀನಾದ ಜೆಜಿಯಾಂಗ್ ಪ್ರಾಂತ್ಯದ ಮೈಶಾನ್ ಎಂಬಲ್ಲಿನ ಹಳೆಯ ಕಲ್ಲುಗಣಿಯಲ್ಲಿ, 2001ರಲ್ಲಿ. ಕಾಶ್ಮೀರದ ಖೊನ್‌ಮೊಹ್ ಬಳಿಯ ಗುರ್ಯುಲ್ ಕಂದರವೂ ಆ ಗೌರವಕ್ಕೆ ಸ್ಪರ್ಧಿಯಾಗಿತ್ತು. ಮೈಶಾನ್ ಗೆದ್ದದ್ದಕ್ಕೆ ಸಂಕಟಪಡಬೇಕಿಲ್ಲ, ಅಲ್ಲಿನ ಹಾಳೆಗಳು ಹರಿಯದೆ ಉಳಿದಿವೆ. ಬೂದು ಸುಣ್ಣದ ಕಲ್ಲು ಮುಗಿಯುವಲ್ಲಿ 25ನೇ ಪದರ ಬರುತ್ತದೆ. ನಾಲ್ಕು ಸೆಂಟಿಮೀಟರಿನಷ್ಟು ದಪ್ಪದ ಬಿಳಿ ಜೇಡಿ, ಅದು ಜ್ವಾಲಾಮುಖಿಯ ಬೂದಿ ಕೂತು ಆದದ್ದು. ಅದರ ಮೇಲೆ ಕಪ್ಪು ಜೇಡಿ. ಜಿನ್ ಯುಗಾನ್ ಮತ್ತು ಅವರ ತಂಡ ಇಲ್ಲಿ 333 ಬಗೆಯ ಸಮುದ್ರಜೀವಿಗಳು ಯಾವ ಪದರದವರೆಗೆ ಸಿಗುತ್ತವೆ, ಎಲ್ಲಿಂದಾಚೆ ಸಿಗುವುದಿಲ್ಲ ಎಂದು ಒಂದೊಂದಕ್ಕೂ ಒಂದು ಗೆರೆ ಎಳೆದು ಪಟ್ಟಿ ಮಾಡಿದರು. 25ನೇ ಪದರದ ಬಳಿ ಬಹುಪಾಲು ಗೆರೆಗಳು ತುಂಡಾಗುತ್ತವೆ. ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಅವುಗಳಲ್ಲಿನ ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗುವ ವೇಗ ಗೊತ್ತಿರುವುದರಿಂದ ಹರಳೇ ಗಡಿಯಾರವಾಗುತ್ತದೆ. ಅಮೆರಿಕದ ಎಂಐಟಿಯ ಸ್ಯಾಮ್ ಬೌರಿಂಗ್ ಮತ್ತು ಸೇಥ್ ಬರ್ಜೆಸ್ ಈ ಗಡಿಯಾರವನ್ನು ಮತ್ತೆ ಮತ್ತೆ ತೊಳೆದು, ಒರೆಸಿ, 2014ರಲ್ಲಿ ಓದಿದ ಸಮಯ ಇದು: ಸಾವು ಶುರುವಾದದ್ದು 25 ಕೋಟಿ 19 ಲಕ್ಷ ವರ್ಷಗಳ ಹಿಂದೆ, ನಡೆದದ್ದು ಸುಮಾರು 60 ಸಾವಿರ ವರ್ಷ, ಅದರಲ್ಲಿ 48 ಸಾವಿರ ಹೆಚ್ಚುಕಡಿಮೆ ಇರಬಹುದು. ನಮ್ಮ ಲೆಕ್ಕದಲ್ಲಿ ದೊಡ್ಡ ಕಾಲ. ಕಲ್ಲಿನ ಲೆಕ್ಕದಲ್ಲಿ ಕಣ್ಣು ಮಿಟುಕಿಸಿದಷ್ಟು.

ಎಷ್ಟು ಸತ್ತವು? ‘ಶೇಕಡಾ 96’ ಎಂಬ ಅಂಕಿಯನ್ನು ನೀವು ಕೇಳಿರುತ್ತೀರಿ. ರೌಪ್ 1979ರಲ್ಲಿ ಅದನ್ನು ಮೇಲಿನ ಮಿತಿಯೆಂದು ಹೇಳಿದ್ದ. ನಮ್ಮಂಥ ಉಪನ್ಯಾಸಕಾರರಿಗೆ ದೊಡ್ಡ ಅಂಕಿ ಎಂದರೆ ಪ್ರೀತಿ, ಮಿತಿ ಎಂಬ ಮಾತು ದಾರಿಯಲ್ಲಿ ಉದುರಿಹೋಯಿತು. ಸ್ಟೀವನ್ ಸ್ಟ್ಯಾನ್ಲಿ 2016ರಲ್ಲಿ ಮತ್ತೆ ಲೆಕ್ಕ ಹಾಕಿ ಶೇಕಡಾ 81ರ ಸುಮಾರು ಎಂದ. ನನಗೆ ಈ ಲೆಕ್ಕ ಹೆಚ್ಚು ನಂಬುಗೆಯದು ಎನಿಸುತ್ತದೆ. ಹತ್ತರಲ್ಲಿ ಎಂಟು ಜಾತಿಗಳು ಹೋದವು ಎಂದರೆ ಅದೇನು ಕಡಿಮೆಯೆ? ಇಪ್ಪತ್ತೇಳು ಕೋಟಿ ವರ್ಷ ಬಾಳಿದ್ದ ಟ್ರೈಲೋಬೈಟ್ ಎಂಬ ಕಡಲಜೀವಿಗಳಲ್ಲಿ ಕೊನೆಗೆ ಉಳಿದಿದ್ದ ಕೆಲವೂ ಮುಗಿದವು. ಅಂದಿನ ಹವಳಗಳಲ್ಲಿ ಎರಡು ದೊಡ್ಡ ಕುಲಗಳಿದ್ದವು, ಎರಡೂ ಹೋದವು. ಇಂದು ಲಕ್ಷದ್ವೀಪದಲ್ಲಿ ಕಾಣುವ ಹವಳ ಆ ವಂಶದ್ದಲ್ಲ, ಆಮೇಲೆ ಹೊಸದಾಗಿ ಹುಟ್ಟಿದ್ದು. ಸಮುದ್ರದ ತಳದಲ್ಲಿ ತಾವರೆ ದಂಟಿನ ಮೇಲೆ ಅರಳಿದಂತಿದ್ದ ಕಡಲ ಲಿಲ್ಲಿಗಳು ಕೂದಲೆಳೆಯಲ್ಲಿ ಪಾರಾದವು. ಅಮೋನಾಯ್ಡುಗಳದ್ದೂ ಅದೇ ಗತಿ.

ಕೊಂದವರು ಯಾರು? ಉಲ್ಕೆ ಬಿತ್ತು ಎಂದವರಿದ್ದರು. ಆ ವಾದಕ್ಕೆ ಸಾಕ್ಷ್ಯ ನಿಲ್ಲಲಿಲ್ಲ. ಇಂದು ಬಹುತೇಕ ಎಲ್ಲರೂ ಬೆರಳು ತೋರಿಸುವುದು ಸೈಬೀರಿಯಾದ ಕಡೆಗೆ. ನಮ್ಮ ದಖನ್ ಲಾವಾದಂಥದ್ದೇ ಮೆಟ್ಟಿಲು ಮೆಟ್ಟಿಲಾದ ಕರಿಕಲ್ಲು ಅಲ್ಲಿಯೂ ಇದೆ, ಗಾತ್ರದಲ್ಲಿ ಅದೇ ದೊಡ್ಡದು. ಮೂವತ್ತು ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು ಶಿಲಾರಸ ಎಂಬುದು ಒಂದು ಅಂದಾಜು. ಆದರೆ ಲಾವಾ ಹರಿದು ಜೀವಗಳು ಸತ್ತವು ಎಂಬ ಸರಳ ಕತೆಯನ್ನು ನಂಬಬೇಡಿ. ಸೈಬೀರಿಯಾದ ಲಾವಾ ಚೀನಾದ ಸಮುದ್ರಕ್ಕೆ ಹರಿದುಹೋಗಲಿಲ್ಲ. ಕೊಂದದ್ದು ಅದು ಒಳಗೆ ಬೇಯಿಸಿದ ಅಡುಗೆ.

ಇದನ್ನು ಕಲಬುರಗಿಯವರಿಗೆ ವಿವರಿಸುವುದು ಸುಲಭ. ವಾಡಿ, ಸೇಡಂ, ಮಳಖೇಡದ ಸುತ್ತಲ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಏನಾಗುತ್ತದೆ? ಸುಣ್ಣದ ಕಲ್ಲನ್ನು ಕಾಯಿಸುತ್ತಾರೆ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ನಲವತ್ತನಾಲ್ಕು ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ, ಉಳಿದದ್ದು ಸುಣ್ಣ. ಹಳೆಯ ಸಮುದ್ರವೊಂದು ಗಾಳಿಯಿಂದ ಹೀರಿ ಕಲ್ಲಾಗಿಸಿ ಇಟ್ಟಿದ್ದನ್ನು ಮರಳಿ ಗಾಳಿಗೆ ಬಿಟ್ಟಂತೆ. ಇನ್ನು ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತದೆ. ಆ ಇದ್ದಲು ಪರ್ಮಿಯನ್ ಕಾಲದ ಗ್ಲಾಸಾಪ್ಟರಿಸ್ ಕಾಡುಗಳದ್ದು, ಆ ಮರಗಳೂ ಇದೇ ಮಹಾಸಾವಿನಲ್ಲಿ ಹೋದವು. ಸೈಬೀರಿಯಾದ ತುಂಗುಸ್ಕಾ ಪ್ರದೇಶದಲ್ಲಿ ಈ ಎರಡೂ ಕೆಲಸ ಒಟ್ಟಿಗೆ ನಡೆಯಿತು, ಗೂಡನ್ನು ಯಾರೂ ಕಟ್ಟದೆ. ಅಲ್ಲಿ ನೆಲದಡಿ ಸುಣ್ಣದ ಕಲ್ಲು, ಉಪ್ಪು, ಜಿಪ್ಸಂ, ಎಣ್ಣೆ, ಕಲ್ಲಿದ್ದಲಿನ ಪದರಗಳಿದ್ದವು. ಶಿಲಾರಸ ಮೇಲಕ್ಕೆ ಉಕ್ಕುವ ದಾರಿ ಸಾಲದೆ ಈ ಪದರಗಳ ಸಂದಿಗೆ ಅಡ್ಡಡ್ಡ ನುಗ್ಗಿತು. ನಾರ್ವೆಯ ಹೆನ್ರಿಕ್ ಸ್ವೆನ್ಸನ್ ತಂಡ ಅಲ್ಲಿ ಅನಿಲ ಸಿಡಿದು ಮೇಲೆ ಬಂದ ಕೊಳವೆಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿತು. ಲಿಂಡಿ ಎಲ್ಕಿನ್ಸ್-ಟ್ಯಾಂಟನ್ ತಂಡಕ್ಕೆ ಜ್ವಾಲಾಮುಖಿಯ ಕಲ್ಲಿನೊಳಗೇ ಸುಟ್ಟ ಇದ್ದಲಿನ ಚೂರುಗಳು ಸಿಕ್ಕವು. ಒಲೆಯಲ್ಲಿ ಬೂದಿ ಸಿಕ್ಕಿದ ಮೇಲೆ ಬೆಂಕಿ ಹೊತ್ತಿಸಿರಲಿಲ್ಲ ಎಂದು ಯಾರು ಹೇಳುತ್ತಾರೆ?

ಬರ್ಜೆಸ್ ಮತ್ತೂ ಒಂದು ಹೆಜ್ಜೆ ಮುಂದೆ ಹೋದ. ಲಾವಾ ನೆಲದ ಮೇಲೆ ಹರಿಯಲು ಶುರುವಾದದ್ದು ಸಾವಿಗಿಂತ ಬಹಳ ಮೊದಲು. ಸಮುದ್ರ ಅದನ್ನು ಹೇಗೋ ತಾಳಿಕೊಂಡಿತ್ತು. ಶಿಲಾರಸ ಮೇಲೆ ಹರಿಯುವುದನ್ನು ಬಿಟ್ಟು ಒಳಗೊಳಗೆ ಅಡ್ಡ ನುಗ್ಗಲು ತೊಡಗಿದ ಹೊತ್ತಿಗೆ ಸರಿಯಾಗಿ ಮೈಶಾನಿನ ಗೆರೆಗಳು ತುಂಡಾಗುತ್ತವೆ ಎಂಬುದು ಅವನ ವಾದ. ನೈಋತ್ಯ ಚೀನಾದ ಸಸ್ಯಶೇಷಗಳನ್ನು ಹಿಡಿದು 2021ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನಾನೂರು ಚಿಲ್ಲರೆಯಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 75 ಸಾವಿರ ವರ್ಷಗಳಲ್ಲಿ 2,500ಕ್ಕೆ ಏರಿತು.

ಈಗ ಸಮುದ್ರಕ್ಕಿಳಿಯೋಣ.

ಬಿಸಿಯಿಂದ ಶುರು ಮಾಡುತ್ತೇನೆ. ಅಂದಿನ ನೀರಿನ ಬಿಸಿ ಗೊತ್ತಾದದ್ದು ಕೋನೋಡಾಂಟ್ ಎಂಬ ಈಲ್ ಮೀನಿನಂಥ ಸಣ್ಣ ಪ್ರಾಣಿಯ ಹಲ್ಲಿನಿಂದ. ಒಂದು ಹಲ್ಲು ರಾಗಿ ಕಾಳಿಗಿಂತಲೂ ಚಿಕ್ಕದಿರಬಹುದು. ಹಲ್ಲಿನ ಫಾಸ್ಫೇಟಿನಲ್ಲಿ ಎರಡು ಬಗೆಯ ಆಕ್ಸಿಜನ್ ಯಾವ ಪ್ರಮಾಣದಲ್ಲಿ ಸೇರುತ್ತದೆ ಎಂಬುದು ನೀರಿನ ಬಿಸಿಯನ್ನು ಅವಲಂಬಿಸಿರುತ್ತದೆ. ಸುನ್ ಯಾಡಾಂಗ್ ಮತ್ತು ಸಂಗಡಿಗರು ದಕ್ಷಿಣ ಚೀನಾದ ಎರಡು ಟನ್ ಕಲ್ಲನ್ನು ಆಮ್ಲದಲ್ಲಿ ಕರಗಿಸಿ ಇಂಥ ಹದಿನೈದು ಸಾವಿರ ಪಳೆಯುಳಿಕೆಗಳನ್ನು ಹೆಕ್ಕಿದರು. ಆಮ್ಲದ ವಾಸನೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೂದಲಿನ ಕುಂಚದಿಂದ ಒಂದೊಂದನ್ನೇ ಎತ್ತಿ ಇಡುವ ಕೆಲಸ ಮಾಡಿದವರಿಗೆ ಆ ಅಂಕಿಯ ಹಿಂದಿನ ಬೆನ್ನುನೋವು ಗೊತ್ತು. 2012ರಲ್ಲಿ ಅವರು ಹೇಳಿದ್ದು, ಸಮಭಾಜಕದ ಬಳಿ ಸಮುದ್ರದ ಮೇಲ್ಮೈ ನೀರು ಟ್ರಯಾಸಿಕ್ ಆರಂಭದ ಅತಿ ಬಿಸಿ ದಿನಗಳಲ್ಲಿ 40 ಡಿಗ್ರಿಯ ಹತ್ತಿರ ಹೋಗಿತ್ತು ಎಂದು. ನಮ್ಮ ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನಳದಿಂದ ಮೊದಲು ಬರುವ ನೀರಿದೆಯಲ್ಲ, ಹೆಚ್ಚುಕಡಿಮೆ ಹಾಗೆ.

ಆದರೆ ಬಿಸಿನೀರಿನಲ್ಲಿ ಜೀವ ಬೆಂದು ಸಾಯುವುದಕ್ಕಿಂತ ಮೊದಲು ಉಸಿರು ಕಟ್ಟುತ್ತದೆ. ಈ ಮಾತನ್ನು ನೀವು ನೆನಪಿಟ್ಟುಕೊಂಡು ಹೋದರೆ ನನ್ನ ಇವತ್ತಿನ ಕೆಲಸ ಅರ್ಧ ಆಯಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕರಗುವುದು ಕಡಿಮೆ. ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಒಂಬತ್ತು ಮಿಲಿಗ್ರಾಂ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ, ಉಪ್ಪುನೀರಿನಲ್ಲಿ ಇನ್ನೂ ಕಮ್ಮಿ. ಇತ್ತ ತಣ್ಣನೆಯ ಮೈಯ ಪ್ರಾಣಿಗಳಿಗೆ ನೀರು ಬಿಸಿಯಾದಂತೆ ಆಕ್ಸಿಜನ್ನಿನ ಅಗತ್ಯ ಏರುತ್ತದೆ, ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಎರಡರಷ್ಟು. ಆದಾಯ ಇಳಿಯಿತು, ಖರ್ಚು ಏರಿತು. ಬರಗಾಲದಲ್ಲಿ ಮನೆ ನಡೆಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅತ್ತೆಯ ಮಾತು. ಸಮುದ್ರದ ಆಳಕ್ಕೆ ಗಾಳಿ ತಾಕುವುದಿಲ್ಲ. ಅಲ್ಲಿನ ಜೀವಿಗಳಿಗೆ ಆಕ್ಸಿಜನ್ ಸಿಗುವುದು ಧ್ರುವಗಳ ಬಳಿ ತಣ್ಣಗಾಗಿ ಭಾರವಾದ ನೀರು, ಆಕ್ಸಿಜನ್ ಹೊತ್ತು, ಕೆಳಗಿಳಿದು ಹರಡಿಕೊಳ್ಳುವುದರಿಂದ. ಸಮುದ್ರವೂ ತನ್ನ ನೀರನ್ನು ಬದಲಿಸುತ್ತಲೇ ಇರುತ್ತದೆ, ದಿನದಿನಕ್ಕಲ್ಲ, ಶತಮಾನಗಳ ಲೆಕ್ಕದಲ್ಲಿ. ಧ್ರುವಗಳೂ ಬಿಸಿಯಾದರೆ ಈ ಬದಲಾವಣೆ ನಿಧಾನವಾಗುತ್ತದೆ. ಕೆಳಗಿನ ನೀರು ಸಂಪುಟದಲ್ಲೇ ಮರೆತುಬಿಟ್ಟ ತೀರ್ಥದಂತೆ ಹಳಸುತ್ತದೆ. ನಾನು ಮೂವತ್ತು ವರ್ಷಗಳ ಕಾಲ ‘ಮಹಾಸಾಗರದ ಪರಿಚಲನೆ’ ಎಂದು ಪಾಠ ಮಾಡಿದ್ದನ್ನು ಆ ತಾಯಿ ಒಂದು ಸಾಲಿನಲ್ಲಿ ಹೇಳಿದ್ದರು.

ಹಳಸಿದ ನೀರಿನ ಗುರುತು ಕಲ್ಲಿನಲ್ಲಿ ಉಳಿದಿದೆ. ಆಕ್ಸಿಜನ್ ಇಲ್ಲದ ನೀರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಆ ವಿಷಾನಿಲ. ಅದರೊಂದಿಗೆ ಕಬ್ಬಿಣ ಸೇರಿ ಪೈರೈಟಿನ ಸಣ್ಣ ಸಣ್ಣ ಗೊಂಚಲುಗಳಾಗುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು, ಸೂಕ್ಷ್ಮದರ್ಶಕದಲ್ಲಿ ಬೂಂದಿ ಉಂಡೆಯಂತೆ ಕಾಣುವಂಥವು. ಪಾಲ್ ವಿಗ್ನಲ್ ಮತ್ತು ರಿಚರ್ಡ್ ಟ್ವಿಚೆಟ್ 1996ರಲ್ಲಿ ಈ ಬಗೆಯ ಸಾಕ್ಷ್ಯಗಳನ್ನು ಹಿಡಿದು ಆಕ್ಸಿಜನ್ ಕೊರತೆಯ ವಾದವನ್ನು ಗಟ್ಟಿ ಮಾಡಿದರು. 2005ರಲ್ಲಿ ಕ್ಲಿಟಿ ಗ್ರೈಸ್ ತಂಡಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಮತ್ತು ಮೈಶಾನಿನ ಕಲ್ಲುಗಳಲ್ಲಿ ಇನ್ನೂ ಭಯಂಕರವಾದದ್ದು ಸಿಕ್ಕಿತು. ಹಸಿರು ಗಂಧಕ ಬ್ಯಾಕ್ಟೀರಿಯಾದ ವರ್ಣದ್ರವ್ಯದ ಶೇಷ ಅದು. ಆ ಜೀವಿಗೆ ಬದುಕಲು ಹೈಡ್ರೋಜನ್ ಸಲ್ಫೈಡೂ ಬೇಕು, ಬಿಸಿಲೂ ಬೇಕು. ಅಂದರೆ ವಿಷ ತಳದಲ್ಲಿ ಕೂತಿರಲಿಲ್ಲ, ಬಿಸಿಲು ತಲುಪುವಷ್ಟು ಮೇಲಕ್ಕೆ ಬಂದಿತ್ತು.

ಆಮ್ಲದ ಮಾತನ್ನು ಬೇಗ ಮುಗಿಸುತ್ತೇನೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ನೀರಿನ ಕ್ಷಾರಗುಣ ತಗ್ಗುತ್ತದೆ, ಸುಣ್ಣದ ಚಿಪ್ಪು ಕಟ್ಟುವುದು ಕಷ್ಟವಾಗುತ್ತದೆ. ಅರಬ್ ಎಮಿರೇಟ್ಸಿನ ಸುಣ್ಣದ ಕಲ್ಲು ಮತ್ತು ಆಲ್ಪ್ಸ್ ಪರ್ವತದ ಬ್ರಾಕಿಯೋಪಾಡ್ ಎಂಬ ಕಡಲಜೀವಿಯ ಚಿಪ್ಪುಗಳಲ್ಲಿನ ಬೋರಾನ್ ಪರೀಕ್ಷಿಸಿದವರು ಈ ಬದಲಾವಣೆಯನ್ನು ಕಂಡಿದ್ದಾರೆ. ಯಾವ ಹಂತದಲ್ಲಿ ಎಷ್ಟು ಎಂಬ ಜಗಳ ಇನ್ನೂ ನಡೆದಿದೆ, ನಡೆಯಲಿ.

ನನಗೆ ಹೆಚ್ಚು ಮುಖ್ಯವೆನಿಸುವುದು ಸತ್ತವರ ಪಟ್ಟಿಯಲ್ಲಿರುವ ಪಕ್ಷಪಾತ. ಹಾರ್ವರ್ಡಿನ ಆಂಡ್ರ್ಯೂ ನೋಲ್ ಮತ್ತು ಸಂಗಡಿಗರು 1996ರಲ್ಲೇ ಇದನ್ನು ಗಮನಿಸಿದರು. ದಪ್ಪ ಸುಣ್ಣದ ಮನೆ ಕಟ್ಟಿಕೊಂಡು, ಕಿವಿರು ಇಲ್ಲದೆ, ಮೈಗೆ ತಾಕಿದ ನೀರಿನಿಂದಲೇ ಉಸಿರು ಹೀರಿಕೊಂಡು ಕೂತಲ್ಲೇ ಕೂತಿದ್ದ ಹವಳ, ಬ್ರಾಕಿಯೋಪಾಡ್, ಕಡಲ ಲಿಲ್ಲಿಯಂಥವು ಗುಂಪುಗುಂಪಾಗಿ ಹೋದವು. ಕಿವಿರು ಇದ್ದು, ರಕ್ತ ಓಡಾಡಿ, ಮೈಯೊಳಗಿನ ರಸಾಯನವನ್ನು ಸ್ವಲ್ಪವಾದರೂ ಹಿಡಿತದಲ್ಲಿಟ್ಟುಕೊಳ್ಳಬಲ್ಲ ಮೀನು, ಬಸವನಹುಳು, ಕಪ್ಪೆಚಿಪ್ಪುಗಳಿಗೆ ಹೊಡೆತ ಬಿದ್ದರೂ ಅಷ್ಟು ಬೀಳಲಿಲ್ಲ. ಬಲಿಷ್ಠರು ಉಳಿದರು ಎಂಬ ಹಳಸಲು ಮಾತಿಗೆ ಇಲ್ಲಿ ಜಾಗವಿಲ್ಲ. ಉಸಿರಾಟದ ವ್ಯವಸ್ಥೆ ಇದ್ದವರಿಗೆ ಬದುಕುವ ಅವಕಾಶ ತುಸು ಹೆಚ್ಚಿತ್ತು, ಅಷ್ಟೇ. ಜಸ್ಟಿನ್ ಪೆನ್ ಮತ್ತು ಕರ್ಟಿಸ್ ಡಾಯ್ಚ್ ತಂಡ 2018ರಲ್ಲಿ ಇದನ್ನೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿತು. ಪರ್ಮಿಯನ್ ಭೂಪಟ ಹಾಕಿ, ಉಷ್ಣವಲಯದ ಕಡಲನ್ನು ಹತ್ತು ಡಿಗ್ರಿಯಷ್ಟು ಬಿಸಿ ಮಾಡಿದಾಗ ಸಮುದ್ರದ ಆಕ್ಸಿಜನ್ನಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕರಗಿಹೋಯಿತು. ಇಂದಿನ 61 ಜೀವಿಗಳ ಉಸಿರಾಟದ ಲೆಕ್ಕವನ್ನು ಅದಕ್ಕೆ ಹೊಂದಿಸಿ, ಎಲ್ಲಿ ಹೆಚ್ಚು ಸಾಯುತ್ತವೆ ಎಂದು ಕೇಳಿದರು. ಬಿಸಿ ಪ್ರದೇಶದವು ಎಂದು ನಾವು ಊಹಿಸುತ್ತೇವೆ. ಮಾದರಿ ಹೇಳಿದ್ದು ಧ್ರುವಗಳ ಕಡೆಯವು ಎಂದು. ಬಿಸಿ ನೀರಿನವು ಧ್ರುವದ ಕಡೆಗೆ ಗುಳೆ ಹೋಗಬಹುದು, ಧ್ರುವದವು ಎಲ್ಲಿಗೆ ಹೋಗಬೇಕು? ಪಳೆಯುಳಿಕೆಗಳ ದಾಖಲೆ ತೆಗೆದು ನೋಡಿದರೆ ಅದರಲ್ಲಿಯೂ ಹಾಗೆಯೇ ಇತ್ತು.

ಸಾವಿನ ಮೇಲೆ ಕಡಲು ಹೇಗಿತ್ತು? ಕೆಲವೆಡೆ ಫರಸಿಯ ಕಾಲಕ್ಕೆ ಮರಳಿದಂತಿತ್ತು. ಹವಳದ ದಿಬ್ಬಗಳಿದ್ದ ಕಡೆ ಸೂಕ್ಷ್ಮಜೀವಿಗಳ ಲೋಳೆ ಪದರ ಪದರವಾಗಿ ಕಲ್ಲಾಗತೊಡಗಿತು. ಮೇಯುವ ಬಾಯಿಗಳೇ ಇಲ್ಲದಾಗ ಪಾಚಿಗೆ ಯಾರ ಭಯ? ಕ್ಲಾರಿಯಾ ಎಂಬ ತೆಳುವಾದ ಕಪ್ಪೆಚಿಪ್ಪೊಂದು ಎಲ್ಲೆಲ್ಲೂ ಹರಡಿತು, ಪಾಳುಬಿದ್ದ ಹೊಲದಲ್ಲಿ ಕಾಂಗ್ರೆಸ್ ಕಸ ಏಳುವಂತೆ. ನೆಲದ ಮೇಲೆ ಹತ್ತಿರಹತ್ತಿರ ಒಂದು ಕೋಟಿ ವರ್ಷ ಎಲ್ಲಿಯೂ ಕಲ್ಲಿದ್ದಲಿನ ಪದರ ಕೂರಲಿಲ್ಲ. ಸುಧಾರಣೆಗೆ ಹಿಡಿದ ಕಾಲ ಒಬ್ಬೊಬ್ಬರಿಗೆ ಒಂದೊಂದು. ಹವಳದ ದಿಬ್ಬಗಳಿಗೆ ಬಹಳ ತಡವಾಯಿತು. ನಮ್ಮ ಅಮೋನಾಯ್ಡುಗಳು ಮಾತ್ರ ಹತ್ತಿಪ್ಪತ್ತು ಲಕ್ಷ ವರ್ಷಗಳಲ್ಲೇ ಮತ್ತೆ ಸಮುದ್ರ ತುಂಬಿಕೊಂಡವು ಎಂದು ಫ್ರಾನ್ಸಿನ ಆರ್ನೋ ಬ್ರಾಯಾರ್ ತಂಡ 2009ರಲ್ಲಿ ತೋರಿಸಿತು. ತೆಳು ಮನೆ, ಚುರುಕು ಈಜು, ಬೇಗ ಬೇಗ ಪೀಳಿಗೆ. ಅದೃಷ್ಟವೂ ಇತ್ತು.

ಅದೃಷ್ಟ ಕೊನೆಗೂ ಕೈಕೊಟ್ಟದ್ದು 6.6 ಕೋಟಿ ವರ್ಷಗಳ ಹಿಂದೆ. ಮೆಕ್ಸಿಕೋದ ಚಿಕ್ಷುಲೂಬಿನಲ್ಲಿ ಬಿದ್ದ ಆಕಾಶಕಾಯ ಮುಖ್ಯವೋ, ಬೆಳಗಾವಿ, ವಿಜಯಪುರದಿಂದ ಆಚೆ ಗುಜರಾತಿನವರೆಗೆ ಹರಡಿದ ನಮ್ಮ ದಖನ್ ಲಾವಾ ಮುಖ್ಯವೋ ಎಂಬ ವಾದಕ್ಕೆ ನಲವತ್ತು ವರ್ಷವಾಯಿತು. ಪ್ರಿನ್ಸ್‌ಟನ್ನಿನ ಗೆರ್ಟಾ ಕೆಲ್ಲರ್ ಲಾವಾದ ಪರವಾಗಿ ಹಟ ಹಿಡಿದವರು, ಸಾಕ್ಷ್ಯ ಹುಡುಕಿ ರಾಜಮಹೇಂದ್ರಿಯವರೆಗೂ ಬಂದವರು. ನನಗೆ ಆಕಾಶಕಾಯದ ಪಕ್ಷ ಹೆಚ್ಚು ಬಲವಾದದ್ದೆನಿಸುತ್ತದೆ, ಆದರೆ ಲಾವಾ ಸುಮ್ಮನೆ ನೋಡುತ್ತ ನಿಂತಿತ್ತು ಎಂದೂ ಒಪ್ಪಲಾರೆ. ಗೋಲ ಗುಮ್ಮಟಕ್ಕೆ ಬಳಸಿದ ಕರಿಕಲ್ಲು ಆ ಲಾವಾ. ಅಮೋನೈಟುಗಳ ವಂಶ ಮುಗಿದದ್ದು ಆ ಕಾಲದಲ್ಲಿ. ಅತ್ತೆಯ ಸಾಲಿಗ್ರಾಮಕ್ಕೆ ಇಂದು ನೇರ ವಾರಸುದಾರರಿಲ್ಲ.

ಇಂದಿನ ಕಡಲಿನ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ನಾವು ಪರ್ಮಿಯನ್ ಅಂತ್ಯದಲ್ಲಿದ್ದೇವೆ ಎಂದು ಹೆದರಿಸುವವರ ಜೊತೆ ನಾನಿಲ್ಲ. ಸೈಬೀರಿಯಾ ಹೊರಹಾಕಿದ ಒಟ್ಟು ಇಂಗಾಲದ ಮುಂದೆ ನಾವು ಇಲ್ಲಿಯವರೆಗೆ ಸುಟ್ಟದ್ದು ಸಣ್ಣದು. ಆದರೆ ಅದು ಸಾವಿರಾರು ವರ್ಷಗಳಲ್ಲಿ ನಡೆದ ಕೆಲಸ, ನಾವು ಇನ್ನೂರು ವರ್ಷಗಳಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿನ ಇಂಗಾಲದ ಡೈಆಕ್ಸೈಡನ್ನು 280ರಿಂದ 420ರಾಚೆಗೆ ಏರಿಸಿದ್ದೇವೆ. ವೇಗವೇ ಇಲ್ಲಿ ಚಿಂತೆಯ ಸಂಗತಿ. ಹೊಗೆಯನ್ನು ಹೀಗೆಯೇ ಬಿಡುತ್ತ ಹೋದರೆ ಸಮುದ್ರದ ಮೇಲ್ಪದರದ ಬಿಸಿ 2100ರ ಹೊತ್ತಿಗೆ ಪರ್ಮಿಯನ್ ಏರಿಕೆಯ ಐದನೇ ಒಂದು ಪಾಲಿಗೆ, 2300ರ ಹೊತ್ತಿಗೆ ಮೂರನೇ ಒಂದರಿಂದ ಅರ್ಧ ಪಾಲಿಗೆ ಹೋಗಬಹುದು ಎಂದು ಪೆನ್ ಹೇಳಿದ್ದಾನೆ.

ಕಂಪ್ಯೂಟರಿನ ಮಾತು ಬೇಡ ಎನ್ನುವವರು ಕಾರವಾರಕ್ಕೆ ಹೋಗಿ ಅರಬ್ಬಿ ಸಮುದ್ರದ ಮುಂದೆ ನಿಲ್ಲಬಹುದು. ಅದರೊಳಗೆ ಸುಮಾರು ಇನ್ನೂರು ಮೀಟರಿನಿಂದ ಸಾವಿರ ಮೀಟರ್ ಆಳದವರೆಗೆ ಆಕ್ಸಿಜನ್ ಬಹಳ ಕಡಿಮೆಯಿರುವ ನೀರಿನ ದಪ್ಪ ಪದರವಿದೆ, ಜಗತ್ತಿನ ದೊಡ್ಡ ಕೊರತೆಯ ವಲಯಗಳಲ್ಲಿ ಅದೊಂದು. ಅದು ಮನುಷ್ಯ ಮಾಡಿದ್ದಲ್ಲ, ಪುರಾತನವಾದದ್ದು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಕೆಳಗಿನ ತಣ್ಣೀರು ದಡದ ಕಡೆಗೆ ಮೇಲೇಳುತ್ತದೆ. ಬಂಗುಡೆ, ಬೂತಾಯಿ ಮೀನಿಗೆ ಮೇವಾಗುವ ಪೋಷಕಾಂಶ ತರುವುದೂ ಅದೇ, ಉಸಿರಿಲ್ಲದ ನೀರನ್ನು ತರುವುದೂ ಅದೇ. ಮೇಲೆ ಮಳೆಯ ಸಿಹಿನೀರು ಮುಚ್ಚಳದಂತೆ ಕೂತರೆ ಕೆಳಗಿನದಕ್ಕೆ ಗಾಳಿ ಸಿಗುವುದಿಲ್ಲ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಹೋದ್ಯೋಗಿಗಳು ಈ ಕೊರತೆ ಹಿಂದಿಗಿಂತ ತೀವ್ರವಾಗಿದೆ ಎಂದು 2000ದಲ್ಲಿ ಬರೆದರು. ದಡದಿಂದ ಹರಿದುಬರುವ ಗೊಬ್ಬರದ ಪಾಲೂ ಅದರಲ್ಲಿರಬಹುದು ಎಂಬ ಅನುಮಾನ ಅವರದು. ಕಾಂಡೋಲಿಂ ಕಡಲತೀರದ ಎದುರು, ದಡಕ್ಕೆ ಹತ್ತಿರದಲ್ಲೇ, 1997ರಿಂದ ಆ ಸಂಸ್ಥೆಯವರು ಮತ್ತೆ ಮತ್ತೆ ದೋಣಿಯಲ್ಲಿ ಹೋಗಿ ಒಂದೇ ಜಾಗದ ನೀರು ತೆಗೆದು ಪರೀಕ್ಷಿಸಿದ್ದಾರೆ. ಅಲ್ಲಿ ನೀರಿನ ಆಳ ಮೂವತ್ತು ಮೀಟರೂ ಇಲ್ಲ. ಡಿಸೆಂಬರಿನಲ್ಲಿ ತೆಗೆದ ನೀರಿನಲ್ಲಿ ತಳದವರೆಗೂ ಆಕ್ಸಿಜನ್ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಳದಿಂದ ಮೇಲೆ ಬಂದ ನೀರಿನಲ್ಲಿ, ಕೆಲವು ವರ್ಷ, ಹೈಡ್ರೋಜನ್ ಸಲ್ಫೈಡ್ ಸಿಗುತ್ತದೆ.